ಬಿ.ಇ.ಯಲ್ಲಿ ಓದಿದ ನೆಟ್‌ವರ್ಕ್ಸನ್ನೇ ಎಂ.ಟೆಕ್‌ನಲ್ಲೂ ಓದಬೇಕಾ?

ಪ್ರಶ್ನೆ: ನಾನು ತೀರ್ಥಹಳ್ಳಿ ಹತ್ತಿರದ ಹಳ್ಳಿಯವಳು. ಶಿವಮೊಗ್ಗದಲ್ಲಿ ಬಿ.ಇ. ಮುಗಿಸಿದ್ದೇನೆ. ಎಂ.ಟೆಕ್‌ನಲ್ಲಿ ಕಂಪ್ಯೂಟರ್ ನೆಟ್‌ವರ್ಕ್ಸ್ ತಗೊಳ್ಳುವ ಆಸೆ. ಆದರೆ ನೆಟ್‌ವರ್ಕಿನ ಏಳು ಲೇಯರ್, ಮಾಹಿತಿ ಕಳಿಸುವ ನಿಯಮಗಳಾದ ಟಿಸಿಪಿ, ಐಪಿ ಎಲ್ಲ ಓದಿಯಾಗಿದೆ. ಮತ್ತೆ ಅದನ್ನೇ ಓದೋದಾ? ಮನೆಯಲ್ಲಿ ಸಿಗ್ನಲ್ ಕೂಡ ಸರಿಯಾಗಿ ಸಿಗಲ್ಲ.

ಉತ್ತರ: ಪಾಠದ ಹೆಸರು ಅದೇ, ಕೇಳುವ ಪ್ರಶ್ನೆ ಬೇರೆ. ಟಿಸಿಪಿ ಹೇಗೆ ಕೆಲಸ ಮಾಡುತ್ತದೆ ಅಂತ ಬಿ.ಇ.ಯಲ್ಲಿ ಬರೆದಿರುತ್ತೀರಿ. ಅದು ಯಾಕೆ ಹಾಗಿದೆ, ಎಲ್ಲಿ ಸೋಲುತ್ತದೆ, ಸೋತಿದ್ದನ್ನು ಅಳೆದು ತೋರಿಸುವುದು ಹೇಗೆ ಅನ್ನುವುದು ಎಂ.ಟೆಕ್‌ನ ಕೆಲಸ.

1986ರ ಅಕ್ಟೋಬರ್‌ನಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಬರ್ಕ್ಲಿ ವಿಶ್ವವಿದ್ಯಾಲಯಕ್ಕೂ ನಡುವೆ ಇಂಟರ್ನೆಟ್ ವೇಗ ಕುಸಿಯಿತು. ಅಂತರ ಬರೀ 400 ಗಜ. ಸೆಕೆಂಡಿಗೆ 32,000 ಬಿಟ್ ಇದ್ದದ್ದು 40 ಬಿಟ್‌ಗೆ ಇಳಿಯಿತು. ಲೈನ್ ತುಂಬಿ ಪ್ಯಾಕೆಟ್ (ಮಾಹಿತಿಯ ಸಣ್ಣ ತುಂಡು) ಕಳೆದುಹೋದಾಗ ಕಂಪ್ಯೂಟರುಗಳು ಅದನ್ನೇ ಮತ್ತೆ ಮತ್ತೆ ಕಳಿಸುತ್ತಿದ್ದವು, ಲೈನ್ ಇನ್ನೂ ತುಂಬುತ್ತಿತ್ತು. ವ್ಯಾನ್ ಜೇಕಬ್‌ಸನ್ ಇದನ್ನು ಬಿಡಿಸಿ 1988ರಲ್ಲಿ ಪ್ರಬಂಧ ಬರೆದರು. ನೀವು ಪರೀಕ್ಷೆಗೆ ಬಾಯಿಪಾಠ ಮಾಡಿದ ಸ್ಲೋ ಸ್ಟಾರ್ಟ್ (ಮೊದಲು ಕಡಿಮೆ ಪ್ಯಾಕೆಟ್ ಕಳಿಸಿ, ತಲುಪಿದಂತೆಲ್ಲ ಹೆಚ್ಚಿಸುವ ವಿಧಾನ) ಟಿಸಿಪಿಗೆ ಬಂದದ್ದು ಆ ಕೆಲಸದಿಂದ. ಆ ಪ್ರಬಂಧವನ್ನು ಒಮ್ಮೆ ಪೂರ್ತಿ ಓದಿ. ಓದಲು ಕಷ್ಟವಾದರೂ ಖುಷಿ ಕೊಟ್ಟರೆ ಈ ವಿಷಯ ನಿಮ್ಮದು.

ಈಗ ನಿಮ್ಮ ಸಿಗ್ನಲ್ ವಿಷಯಕ್ಕೆ ಬರೋಣ. ಜೇಕಬ್‌ಸನ್ ದಾರಿಯಲ್ಲಿ ಪ್ಯಾಕೆಟ್ ಕಳೆದರೆ ‘ಲೈನ್ ತುಂಬಿದೆ’ ಅಂತಲೇ ಅರ್ಥ, ಟಿಸಿಪಿ ನಿಧಾನವಾಗುತ್ತದೆ. ಆದರೆ ಜೋರು ಮಳೆಯಲ್ಲಿ, ಗುಡ್ಡದ ಮರೆಯಲ್ಲಿ, ಒದ್ದೆ ಮರಗಳ ನಡುವೆ ಲೈನ್ ಖಾಲಿ ಇದ್ದರೂ ಪ್ಯಾಕೆಟ್ ಹಾಳಾಗುತ್ತದೆ. ಮೊಬೈಲ್ ಮತ್ತು ಟವರ್ ತಮ್ಮೊಳಗೇ ಅದನ್ನು ಮತ್ತೆ ಕಳಿಸಿಕೊಂಡು ಮುಚ್ಚಿಹಾಕಲು ನೋಡುತ್ತವೆ. ಆಗ ವಿಳಂಬ ಏರಿಳಿಯುತ್ತದೆ. ಗೂಗಲ್ 2016ರಲ್ಲಿ ಹೊರತಂದ ಬಿಬಿಆರ್ ಅನ್ನುವ ವಿಧಾನ, ಪ್ಯಾಕೆಟ್ ಕಳೆದದ್ದನ್ನು ನೆಚ್ಚಿಕೊಳ್ಳದೆ ವೇಗ ಮತ್ತು ವಿಳಂಬವನ್ನು ಅಳೆದು ನಡೆಯುತ್ತದೆ. ಹೊಸನಗರ, ಆಗುಂಬೆ ಕಡೆಯ ಮಳೆಗಾಲದಲ್ಲಿ ಜೇಕಬ್‌ಸನ್ ದಾರಿ, ಬಿಬಿಆರ್ ಇವೆರಡರಲ್ಲಿ ಯಾವುದು ಮೇಲು? ಇದು ಒಳ್ಳೆಯ ಪ್ರಾಜೆಕ್ಟ್, ಅಲ್ವಾ? ಬೆಂಗಳೂರಿನ ಲ್ಯಾಬಿನಲ್ಲಿ ಕೂತವರಿಗೆ ಈ ಮಳೆ ಸಿಗುವುದಿಲ್ಲ.

ಶುರು ಮಾಡಲು ದುಡ್ಡು ಬೇಡ. ಶಿವಮೊಗ್ಗದಿಂದ ಬೆಂಗಳೂರಿಗೆ ಸುಮಾರು 300 ಕಿ.ಮೀ. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ಹೋಗಿ ಬರಲು 3 ಮಿಲಿಸೆಕೆಂಡ್ ಸಾಕು. ಬೆಂಗಳೂರಿನ ಒಂದು ಸರ್ವರ್‌ಗೆ ಮೊಬೈಲಿಂದ ಪಿಂಗ್ ಮಾಡಿ (ಸಣ್ಣ ಸಂದೇಶ ಕಳಿಸಿ ಉತ್ತರ ಬರುವ ಸಮಯ ಅಳೆದು) ನೋಡಿ, ಅದಕ್ಕಿಂತ ಎಷ್ಟೋ ಜಾಸ್ತಿ ಬರುತ್ತದೆ. ಉಳಿದ ಸಮಯ ಎಲ್ಲಿ ಹೋಯಿತು? ಟವರ್‌ನಲ್ಲಿ ಸರದಿ ಕಾದದ್ದೆಷ್ಟು, ಸುತ್ತು ದಾರಿಯಲ್ಲಿ ಹೋದದ್ದೆಷ್ಟು? ಪ್ಯಾಕೆಟ್‌ಗಳನ್ನು ಹಿಡಿದು ತೋರಿಸುವ ವೈರ್‌ಶಾರ್ಕ್ ತಂತ್ರಾಂಶ ಹಾಕಿಕೊಂಡು ಹುಡುಕಿ. ಕಂಪ್ಯೂಟರಿನೊಳಗೇ ಅಣಕು ನೆಟ್‌ವರ್ಕ್ ಕಟ್ಟಿ ನೋಡುವ ಮಿನಿನೆಟ್, ಎನ್‌ಎಸ್-3 ಕೂಡ ಉಚಿತ. ಒಮ್ಮೆ ಇಳಿಸಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ಓಡುತ್ತವೆ.

ಹೆಚ್ಚಿನವರು ಎಡವುವುದು ಗಣಿತದಲ್ಲಿ. ಪ್ರಾಬಬಿಲಿಟಿ ಮತ್ತು ಕ್ಯೂಯಿಂಗ್ ಥಿಯರಿ (ಸರದಿ ಕಾಯುವುದರ ಗಣಿತ) ಬಾರದೆ ಮುಂದೆ ಹೋಗುವುದು ಕಷ್ಟ. ತೀರಾ ಸರಳ ಮಾದರಿಯಲ್ಲೇ ನೋಡಿ: ಲಿಂಕ್ ಅರ್ಧ ತುಂಬಿದಾಗ ಪ್ಯಾಕೆಟ್‌ಗೆ ಹಿಡಿಯುವ ಸರಾಸರಿ ಸಮಯ ಖಾಲಿ ಲಿಂಕಿನ ಎರಡರಷ್ಟು, ಶೇ. 90 ತುಂಬಿದಾಗ ಹತ್ತರಷ್ಟು! ಸಂಜೆ ಹೊತ್ತು ನೆಟ್ ಸ್ವಲ್ಪ ನಿಧಾನವಾಗುವ ಬದಲು ಒಮ್ಮೆಲೇ ಕೈಕೊಡುವುದು ಯಾಕೆ ಅನ್ನುವುದಕ್ಕೆ ಸುಳಿವು ಇಲ್ಲಿದೆ. ಇದನ್ನು ಯಾರೋ ಹೇಳಿದ್ದು ಅಂತ ನಂಬಬೇಡಿ, ಕಾಗದದ ಮೇಲೆ ನೀವೇ ಬಿಡಿಸಿ.

ಪ್ರವೇಶಕ್ಕೆ ರಾಜ್ಯದ ಪರೀಕ್ಷೆ ಪಿಜಿಸಿಇಟಿ ಇದೆ. ಆದರೂ ರಾಷ್ಟ್ರಮಟ್ಟದ ಪರೀಕ್ಷೆ ಗೇಟ್ ಬರೆಯಿರಿ ಅನ್ನುತ್ತೇನೆ. ಗೇಟ್ ಅಂಕದ ಮೇಲೆ ಎಐಸಿಟಿಇ (ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಕಾಲೇಜಿಗೆ ಸೇರಿದ ಅರ್ಹರಿಗೆ ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನ ಸಿಗುತ್ತದೆ. ಮನೆಯವರನ್ನು ಒಪ್ಪಿಸುವಾಗ ಈ ಮಾತನ್ನು ಮೊದಲು ಹೇಳಿ. ಕಾಲೇಜು ಆರಿಸುವಾಗ ಕಟ್ಟಡ ನೋಡಬೇಡಿ. ಅಲ್ಲಿ ನೆಟ್‌ವರ್ಕ್ಸ್‌ನಲ್ಲಿ ಈಗ ಕೆಲಸ ಮಾಡುತ್ತಿರುವ ಮೇಷ್ಟ್ರು ಇದ್ದಾರಾ ಕೇಳಿ. ಇದ್ದರೆ ನಿಮ್ಮ ಪಿಂಗ್ ಲೆಕ್ಕ ಹಿಡಿದುಕೊಂಡು ಹೋಗಿ ಮಾತಾಡಿ.