ಆ ಕಪ್ಪು ಟೀ ಶರ್ಟನ್ನು ಏನು ಮಾಡೋದು?

ನಿದ್ದೆ ಬರಲ್ಲ ಅಂತ ಒಬ್ಬರು ನನ್ನ ಹತ್ತಿರ ಕೌನ್ಸೆಲಿಂಗ್‌ಗೆ ಬರುತ್ತಿದ್ದರು. ಐವತ್ತರ ಹತ್ತಿರದ ವಯಸ್ಸು, ಸಾಫ್ಟ್‌ವೇರ್ ಕೆಲಸ, ಬನಶಂಕರಿಯಲ್ಲಿ ಮನೆ. (ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಾಯಿಸಿದ್ದೇನೆ, ಬರೆಯಲು ಅವರ ಒಪ್ಪಿಗೆ ಇದೆ.) ಮೂರನೇ ಸಲ ಬಂದಾಗ ಕವರಿನಿಂದ ಒಂದು ಕಪ್ಪು ಟೀ ಶರ್ಟ್ ತೆಗೆದು ಮೇಜಿನ ಮೇಲಿಟ್ಟರು. ಕಂಕುಳಲ್ಲಿ ಬಣ್ಣ ಹೋಗಿತ್ತು. ಎದೆ ಮೇಲಿನ ಪ್ರಿಂಟು ಬತ್ತಿದ ಕೆರೆಯ ಹಾಗೆ ಬಿರುಕು ಬಿಟ್ಟಿತ್ತು. 2002ರ ಏಪ್ರಿಲ್‌ನಲ್ಲಿ ನಮ್ಮ ಅರಮನೆ ಮೈದಾನದಲ್ಲಿ, ಪಿಂಕ್ ಫ್ಲಾಯ್ಡ್ ಎಂಬ ರಾಕ್ ಬ್ಯಾಂಡಿನಲ್ಲಿದ್ದ ಬ್ರಿಟನ್ನಿನ ಹಾಡುಗಾರ ರೋಜರ್ ವಾಟರ್ಸ್ ಹಾಡಿದ ರಾತ್ರಿ ಅವರು ಹಾಕಿಕೊಂಡಿದ್ದ ಶರ್ಟ್ ಅದು.

"ನೆಲ ಒರೆಸೋಕೆ ಹಾಕೋಣ ಅಂದ್ಕೊಂಡೆ ಮೇಡಂ, ಮನಸ್ಸು ಬರಲಿಲ್ಲ" ಅಂದರು. "ಹಾಡೋರು ಹಾಡ್ಕೊಂಡು ಇರಬೇಕಿತ್ತು ಅಲ್ವಾ? ಈ ರಾಜಕೀಯ ಎಲ್ಲ ಯಾಕೆ ಬೇಕಿತ್ತು?"

ಇಷ್ಟು ದೂರದ ಒಬ್ಬ ಹಾಡುಗಾರನಿಗಾಗಿ ಇಷ್ಟೊಂದು ನೋವಾ ಅಂತ ನಿಮಗೆ ಅನ್ನಿಸಬಹುದು. ನೋವು ನಿಜವಾದದ್ದೇ. ತೆರೆಯ ಮೇಲಿನವರ ಜೊತೆ ನಾವು ಬೆಳೆಸಿಕೊಳ್ಳುವ ಈ ಒಮ್ಮುಖದ ನಂಟಿನ ಬಗ್ಗೆ ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ 1956ರಲ್ಲೇ ಬರೆದಿದ್ದರು. ಆತನಿಗೆ ನಾವು ಯಾರೂ ಅಲ್ಲ. ನಮಗೆ ಮಾತ್ರ ಆತ ಪಿಯುಸಿ ಪರೀಕ್ಷೆಯ ಹಿಂದಿನ ರಾತ್ರಿ ಜೊತೆಗಿದ್ದವನು. ಅಪ್ಪನ ಹತ್ತಿರ ಬೈಸಿಕೊಂಡು ರೂಮಿನ ಬಾಗಿಲು ಹಾಕಿಕೊಂಡಾಗ ಸಮಾಧಾನ ಮಾಡಿದವನು. ಅಂಥವನು ನಮಗೆ ಒಪ್ಪದ ಮಾತಾಡಿದರೆ, ಮನೆಯ ದೊಡ್ಡಣ್ಣನೇ ತಿರುಗಿಬಿದ್ದ ಹಾಗೆ ಆಗುತ್ತದೆ.

ಫ್ರಿಟ್ಸ್ ಹೈಡರ್ ಎಂಬ ಮನಶ್ಶಾಸ್ತ್ರಜ್ಞರು ಇದನ್ನು ಒಂದು ತ್ರಿಕೋನವಾಗಿ ನೋಡಿದರು. ಒಂದು ಮೂಲೆಯಲ್ಲಿ ನಾನು, ಇನ್ನೊಂದರಲ್ಲಿ ನನಗೆ ಬೇಕಾದವರು, ಮೂರನೆಯದರಲ್ಲಿ ಒಂದು ವಿಷಯ. ಮೂರೂ ಹೊಂದಿಕೊಂಡರೆ ಮನಸ್ಸು ಹಗುರ. 1982ರ ಗೋಕಾಕ್ ಚಳವಳಿ ನೆನಪು ಮಾಡಿಕೊಳ್ಳಿ. ಡಾ. ರಾಜ್‌ಕುಮಾರ್ ಬೀದಿಗಿಳಿದಾಗ ಅಭಿಮಾನಿಗಳು ಅವರ ಹಿಂದೆಯೇ ನಡೆದರು. ಅಣ್ಣಾವ್ರೂ ಬೇಕು, ಕನ್ನಡವೂ ಬೇಕು, ಅಣ್ಣಾವ್ರಿಗೂ ಕನ್ನಡ ಬೇಕು. ಎಲ್ಲೂ ತೊಡಕಿಲ್ಲ. ಅವತ್ತು "ಸುಮ್ನೆ ಸಿನಿಮಾ ಮಾಡ್ಕೊಂಡಿರಿ" ಅಂತ ಯಾವ ಅಭಿಮಾನಿ ಹೇಳಿಯಾನು? ಹಾಗಾಗಿ "ಕಲಾವಿದರಿಗೆ ರಾಜಕೀಯ ಬೇಡ" ಅನ್ನುವ ಮಾತು ಕೇಳಿದಾಗೆಲ್ಲ ನಾನು ಮೊದಲು ಕೇಳುವುದು ಒಂದೇ: ಅವರು ನಿಮ್ಮ ಪರವಾಗಿ ಮಾತಾಡಿದ್ದರೆ?

ಇವರನ್ನೂ ಅದನ್ನೇ ಕೇಳಿದೆ. ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ, "ಆದ್ರೂ ವಾಟರ್ಸ್ ಮೊದಲು ಹೀಗಿರಲಿಲ್ಲ" ಅಂದರು.

ಇರಲಿಲ್ಲವಾ? ಪಿಂಕ್ ಫ್ಲಾಯ್ಡ್‌ನ 1983ರ ಆಲ್ಬಮ್ ಪೂರ್ತಿ ಯುದ್ಧದ ವಿರುದ್ಧದ ಸಿಟ್ಟು. ಬ್ರಿಟನ್ ಮತ್ತು ಅರ್ಜೆಂಟೀನಾ ನಡುವಿನ ಫಾಕ್‌ಲ್ಯಾಂಡ್ಸ್ ಯುದ್ಧ ಮುಗಿದು ವರ್ಷವೂ ಆಗಿರಲಿಲ್ಲ. ಆಗಿನ ಬ್ರಿಟನ್ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಅವರನ್ನು ಅದರಲ್ಲಿ 'ಮ್ಯಾಗಿ' ಅಂತ ಹೆಸರು ಹಿಡಿದೇ ಕರೆದಿದ್ದಾರೆ. ಇದನ್ನು ಹೇಳಿದಾಗ ಅವರ ಮುಖ ನೋಡಬೇಕಿತ್ತು. "ಯಾರೋ ಹುಡುಗಿ ಇರಬೇಕು ಅಂದ್ಕೊಂಡಿದ್ದೆ" ಅಂದರು. ಚಾಮರಾಜಪೇಟೆಯ ತಾರಸಿ ರೂಮಿನಲ್ಲಿ ಕಾಪಿ ಮಾಡಿಸಿದ ಕ್ಯಾಸೆಟ್ ಕೇಳುತ್ತಿದ್ದ ಹುಡುಗನಿಗೆ ಬ್ರಿಟನ್ನಿನ ಜಗಳ ಬರೀ ರಾಗವಾಗಿ ಕೇಳಿಸಿತ್ತು. ಅದು ತಪ್ಪಲ್ಲ. ನಾವೆಲ್ಲ ಹಾಗೇ ಕೇಳಿದ್ದು. ಬೇರೆಯವರ ಮನೆಯ ಜಗಳ ನಮಗೆ ಸಂಗೀತ, ನಮ್ಮ ಮನೆ ಬಾಗಿಲಿಗೆ ಬಂದಾಗ ರಾಜಕೀಯ. 2018ರ ಅಕ್ಟೋಬರ್‌ನಲ್ಲಿ, ಬ್ರೆಜಿಲ್ ಚುನಾವಣೆಯ ನಡುವೆ, ಸಾವೊ ಪಾಲೊದಲ್ಲಿ ವಾಟರ್ಸ್ ಅಲ್ಲಿನ ಅಧ್ಯಕ್ಷ ಸ್ಥಾನದ ಅಭ್ಯರ್ಥಿ ಬೊಲ್ಸೊನಾರೊ ವಿರುದ್ಧದ ಘೋಷಣೆಯನ್ನು ತೆರೆಯ ಮೇಲೆ ಹಾಕಿದರು. ಟಿಕೆಟ್ ಕೊಟ್ಟು ಬಂದವರಲ್ಲೇ ಎಷ್ಟೋ ಜನ ಕೂಗಾಡಿ ಛೀಮಾರಿ ಹಾಕಿದರು. 2022ರ ಪ್ರವಾಸದಲ್ಲಂತೂ, ಹಾಡು ಇಷ್ಟ ಆದರೆ ನನ್ನ ರಾಜಕೀಯ ಸಹಿಸಲ್ಲ ಅನ್ನುವವರು ಬಾರ್ ಕಡೆ ಹೋಗಬಹುದು ಅಂತ ಶುರುವಿನಲ್ಲೇ ಹೇಳಿಸಿಬಿಟ್ಟರು, ಅದೂ ಒರಟು ಮಾತಿನಲ್ಲಿ.

'ಹಾಡು ಬೇರೆ, ಮನುಷ್ಯ ಬೇರೆ' ಅಂತ ಬಿಡಿಸಿಟ್ಟುಕೊಂಡು ಎಷ್ಟೋ ಜನ ನೆಮ್ಮದಿಯಾಗಿರುತ್ತಾರೆ. ಪ್ರೇಮಗೀತೆ ಹಾಡುವವರ ವಿಷಯದಲ್ಲಿ ಅದು ನಡೆಯುತ್ತದೆ. ಇಲ್ಲಿ ಹಾಡಿನೊಳಗೇ ರಾಜಕೀಯ ಇದೆ, ಬಿಡಿಸೋದು ಕಷ್ಟ. ಇನ್ನು, ಹಾಡುಗಾರನ ಮಾತು ನಿಮ್ಮ ಜನರನ್ನೇ ಕೀಳು ಮಾಡಿತು ಅನ್ನಿಸಿದರೆ ಕೇಳೋದು ಬಿಟ್ಟುಬಿಡಿ. ಅದು ಹುಡುಗಾಟ ಅಲ್ಲ, ನಿಮ್ಮ ಮರ್ಯಾದೆಯ ಪ್ರಶ್ನೆ.

ಆದರೆ ಇವರ ನಿದ್ದೆ ಕೆಡಿಸಿದ್ದು ವಾಟರ್ಸ್ ಆಗಿರಲಿಲ್ಲ. "ಆ ಕ್ಯಾಸೆಟ್ ಕೇಳುವಾಗ ಪಕ್ಕದಲ್ಲಿ ಯಾರಿದ್ದರು?" ಅಂತ ಕೇಳಿದೆ. ಒಬ್ಬ ಗೆಳೆಯ. ಅರಮನೆ ಮೈದಾನಕ್ಕೂ ಒಂದೇ ಸ್ಕೂಟರಿನಲ್ಲಿ ಹೋಗಿದ್ದರು. ಆರು ತಿಂಗಳ ಹಿಂದೆ ಆ ಗೆಳೆಯ ವಾಟರ್ಸ್ ಮಾತಾಡಿದ ಒಂದು ವಿಡಿಯೊವನ್ನು ಕಾಲೇಜಿನ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ, "ನೋಡ್ರೋ, ಇದು ಮಾತು ಅಂದ್ರೆ" ಅಂತ ಬರೆದಿದ್ದರು. ಮಾತಿಗೆ ಮಾತು ಬೆಳೆದು ಇವರು ಗುಂಪಿನಿಂದ ಹೊರಬಂದಿದ್ದರು. ಮೂವತ್ತು ವರ್ಷದ ಸ್ನೇಹ ಅಲ್ಲಿಗೆ ನಿಂತಿತ್ತು.

ಟೀ ಶರ್ಟ್ ಬಗ್ಗೆ ನಾವು ಆಮೇಲೆ ಜಾಸ್ತಿ ಮಾತಾಡಲಿಲ್ಲ. ಗೆಳೆಯನ ಬಗ್ಗೆ ಮಾತಾಡಿದೆವು, ನಾಲ್ಕು ವಾರ. ಕೊನೆಯ ಸಲ ಬಂದಾಗ ಶರ್ಟ್ ಎಲ್ಲಿ ಅಂತ ನಾನೇ ಕೇಳಿದೆ.

"ಒಗೆದು ಒಣಗಾಕಿದೀನಿ ಮೇಡಂ" ಅಂದರು. "ಭಾನುವಾರ ಅವನ ಮನೆಗೆ ಹೋಗ್ತಿದೀನಿ."