ಮೂಳೆಗೆ ಬೇಕಾದದ್ದು ಎಳೆತ

‘ಮೈಕೈ ತುಂಬಿಕೊಂಡಿದ್ದಾರೆ, ಅವರ ಮೂಳೆಗೇನಾಗುತ್ತೆ ಬಿಡಿ’ ಅನ್ನುವ ಮಾತು ನೀವೂ ಕೇಳಿರುತ್ತೀರಿ, ಅಲ್ವಾ? ಮುಟ್ಟು ನಿಂತ ಹೆಂಗಸರ ವಿಷಯದಲ್ಲಿ ಇದು ಅರ್ಧ ಮಾತ್ರ ನಿಜ. ಅದಕ್ಕೇ ನನಗೆ ಇದರ ಬಗ್ಗೆ ಭಯ ಜಾಸ್ತಿ.

ಅಂಡಾಶಯ ಕೈಬಿಟ್ಟ ಮೇಲೂ ಕೊಬ್ಬಿನಲ್ಲಿರುವ ಅರೋಮಟೇಸ್ ಎಂಬ ಕಿಣ್ವ ಸ್ವಲ್ಪ ಈಸ್ಟ್ರೋಜನ್ ಹಾರ್ಮೋನು ತಯಾರಿಸುತ್ತದೆ. ಈಸ್ಟ್ರೋಜನ್ ಇದ್ದರೆ ಮೂಳೆ ಕರಗುವ ವೇಗ ಹಿಡಿತದಲ್ಲಿರುತ್ತದೆ. ಹಾಗಾಗಿ ತೀರಾ ಸಣಕಲು ಇರುವವರಿಗೆ ಅಪಾಯ ಹೆಚ್ಚೇ. ಆದರೆ ಹತ್ತು ದೇಶಗಳ ಹೆಂಗಸರನ್ನು ಗಮನಿಸಿದ ‘ಗ್ಲೋ’ ಅಧ್ಯಯನ 2011ರಲ್ಲಿ ಬೇರೆಯದನ್ನೇ ಹೇಳಿತು. ಬೊಜ್ಜು ಮೂಳೆ ಮುರಿತವನ್ನು ತಡೆಯುವುದಿಲ್ಲ. ಕಾಲಿನ ಗಿಣ್ಣು, ತೊಡೆಯ ಮೂಳೆ ಮುರಿಯುವುದು ದಪ್ಪಗಿರುವವರಲ್ಲೇ ಜಾಸ್ತಿ.

ಹಾಗಾದರೆ ಮೂಳೆಯನ್ನು ಕಾಯುವುದು ಯಾವುದು? ಮುಖ್ಯವಾಗಿ ಸ್ನಾಯು. ಒಂಟಿ ಕಾಲಲ್ಲಿ ನಿಂತು ನೋಡಿ. ಸೊಂಟದ ಕೀಲಿನ ಮೇಲೆ ಮೈಭಾರದ ಎರಡೂವರೆ ಪಟ್ಟಿನಷ್ಟು ಒತ್ತಡ ಬೀಳುತ್ತದೆ. ಅದರಲ್ಲಿ ಬಹುಪಾಲು, ನೀವು ವಾಲದಂತೆ ಸ್ನಾಯು ಎಳೆದು ಹಿಡಿಯುವುದರಿಂದ ಬಂದದ್ದು.

ಒತ್ತಡಕ್ಕೆ ತಕ್ಕಂತೆ ಮೂಳೆ ತನ್ನನ್ನೇ ಕಟ್ಟಿಕೊಳ್ಳುತ್ತದೆ ಎಂದು ಬರ್ಲಿನ್ನಿನ ಶಸ್ತ್ರವೈದ್ಯ ಜೂಲಿಯಸ್ ವೋಲ್ಫ್ 1892ರಲ್ಲೇ ಬರೆದಿದ್ದರು. ಹೇಗೆ ಅನ್ನುವುದು ತಿಳಿದದ್ದು ಬಹಳ ತಡವಾಗಿ. ಒದ್ದೆ ಸ್ಪಂಜನ್ನು ಒತ್ತಿದರೆ ನೀರು ಸರಿದಾಡುತ್ತದೆ. ಮೂಳೆಯೊಳಗೂ ಕೂದಲಿಗಿಂತ ಸಣ್ಣ ಕಾಲುವೆಗಳಿವೆ, ಅವುಗಳಲ್ಲಿ ದ್ರವವಿದೆ. ಸ್ನಾಯು ಎಳೆದಾಗ ಮೂಳೆ ಕಾಣದಷ್ಟು ಬಾಗುತ್ತದೆ, ದ್ರವ ಹರಿಯುತ್ತದೆ. ಗದ್ದೆ ಕಾಲುವೆಗೆ ನೀರು ಬಿಟ್ಟಿದ್ದು ಬದುವಿನಲ್ಲಿ ಕೂತವನಿಗೆ ಗೊತ್ತಾಗುವ ಹಾಗೆ, ಅಲ್ಲೇ ಹುದುಗಿರುವ ಆಸ್ಟಿಯೋಸೈಟ್ ಕೋಶಗಳಿಗೆ ಆ ಹರಿವು ಗೊತ್ತಾಗುತ್ತದೆ. ಸುಮ್ನೆ ಕೂತಾಗ ಅವು ಸ್ಕ್ಲೆರೋಸ್ಟಿನ್ ಎಂಬ ಪ್ರೋಟೀನನ್ನು ಹೆಚ್ಚು ಬಿಡುತ್ತವೆ. ಮೂಳೆ ಕಟ್ಟುವ ಕೆಲಸಕ್ಕೆ ಅದೇ ಬ್ರೇಕು. ಎಳೆತ ಹೆಚ್ಚಾದರೆ ಬ್ರೇಕು ಸಡಿಲ! ನನಗೆ ಇದು ಎಷ್ಟು ಸಲ ಓದಿದರೂ ಬೆರಗು.

ಹೊಟ್ಟೆಯ ಸುತ್ತಲಿನ ಬೊಜ್ಜಿನಿಂದ ಇಂಥ ಎಳೆತ ಸಿಗುವುದಿಲ್ಲ. ಅದು ಹೊರಡಿಸುವ ಉರಿಯೂತದ ರಾಸಾಯನಿಕಗಳು ಮೂಳೆ ಕರಗಿಸುವ ಕೋಶಗಳಿಗೇ ನೆರವಾಗುತ್ತವೆ. ಹಾಗಂತ ಊಟ ಬಿಟ್ಟು ತೂಕ ಇಳಿಸಿದರೆ ಕೊಬ್ಬಿನ ಜೊತೆ ಸ್ನಾಯುವೂ ಮೂಳೆಯೂ ಇಳಿಯುತ್ತವೆ.

ಆಸ್ಟ್ರೇಲಿಯಾದ ‘ಲಿಫ್ಟ್‌ಮೋರ್’ ಪ್ರಯೋಗದಲ್ಲಿ, ಮೂಳೆ ಆಗಲೇ ತೆಳುವಾಗಿದ್ದ, ಮುಟ್ಟು ನಿಂತ ಹೆಂಗಸರು ತರಬೇತುದಾರರ ಕಣ್ಣೆದುರೇ ಭಾರ ಎತ್ತಿದರು. ವಾರಕ್ಕೆ ಎರಡು ಸಲ, ಅರ್ಧರ್ಧ ಗಂಟೆ. ಎಂಟು ತಿಂಗಳಲ್ಲಿ ಅವರ ಬೆನ್ನುಮೂಳೆಯ ಸಾಂದ್ರತೆ ಸುಮಾರು 3% ಏರಿತು. ಮನೆಯಲ್ಲಿ ಹಗುರ ವ್ಯಾಯಾಮ ಮಾಡಿದವರದ್ದು ಸುಮಾರು 1% ಇಳಿದಿತ್ತು.