ರಿಅಲೊಕೇಟೆಡ್ ಸೆಕ್ಟರ್: ಡಿಸ್ಕಿನೊಳಗೊಂದು ಮುಳುಗಡೆ

ಬಾಗಲಕೋಟೆಯವರಿಗೆ ‘ಸೆಕ್ಟರ್’ ಅಂದರೇನು ಅಂತ ಬಿಡಿಸಿ ಹೇಳಬೇಕಿಲ್ಲ. ನವನಗರದಲ್ಲಿ ಯಾರ ಮನೆ ಹುಡುಕಿಕೊಂಡು ಹೊರಟರೂ ಮೊದಲು ಕೇಳುವುದು ಸೆಕ್ಟರ್ ನಂಬರನ್ನೇ. ‘ರಿಅಲೊಕೇಟೆಡ್’ ಕೂಡ ಈ ಊರಿಗೆ ಹೊಸ ಮಾತಲ್ಲ. ಆಲಮಟ್ಟಿ ಹಿನ್ನೀರು ಹಳೇ ಊರಿನ ಓಣಿಗಳಿಗೆ ಬಂದಾಗ ಸಾವಿರಾರು ಮನೆತನ ಗಂಟುಮೂಟೆ ಕಟ್ಟಿ ನವನಗರ ಸೇರಿದವು. ಆದರೂ ಈ ಎರಡು ಪದ ಜೋಡಿಯಾಗಿ ಕಂಪ್ಯೂಟರ್ ಪರದೆಯ ಮೇಲೆ ಬಂದಾಗ ನಮ್ಮ ಕಾಕಾ ಹೌಹಾರಿದರು.

ಕಾಕಾನದು ಇಳಕಲ್ ಸೀರೆ, ಗುಳೇದಗುಡ್ಡ ಖಣದ ಅಂಗಡಿ. ಬಿಲ್ ಮಾಡಲು ಮಾನಿಟರಿನ ಬೆನ್ನಿಗೆ ಬುತ್ತಿ ಡಬ್ಬಿಯಷ್ಟು ಪುಟ್ಟ ಕಂಪ್ಯೂಟರ್ ಸ್ಕ್ರೂ ಹಾಕಿ ಕೂರಿಸಿದ್ದಾರೆ. ಒಂದು ಗುರುವಾರ ಫೋನ್ ಬಂತು. ‘ತಮ್ಮಾ, ಮುಂಜಾನಿಂದ ಬಿಲ್ ಬರವಲ್ದು ನೋಡು. ಒತ್ತಿದ್ರ ಹಂಗ ನಿಂತು ಬಿಡ್ತದ.’ ರಿಪೇರಿಯವನೊಬ್ಬ ಆಗಲೇ ಬಂದು, ವಿಂಡೋಸ್ ಹೊಡೆದರೆ, ಅಂದರೆ ಅಳಿಸಿ ಹೊಸದಾಗಿ ಹಾಕಿದರೆ, ಎಲ್ಲ ಸರಿಹೋಗುತ್ತದೆ ಅಂದಿದ್ದನಂತೆ. ಹೊಡೆಯಲು ಬಿಡಬೇಡಿ ಅಂದೆ. ಹೋಗಿ, ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನುವ ತಂತ್ರಾಂಶ ತೆರೆದಾಗ ಕಂಡದ್ದು ಆ ಸಾಲು: ಐಡಿ 05, ರಿಅಲೊಕೇಟೆಡ್ ಸೆಕ್ಟರ್ಸ್ ಕೌಂಟ್.

ಡಿಸ್ಕುಗಳು ತಮ್ಮ ಆರೋಗ್ಯದ ಲೆಕ್ಕವನ್ನು ತಾವೇ ಬರೆದಿಟ್ಟುಕೊಳ್ಳುತ್ತವೆ. ಅದಕ್ಕೆ ‘ಸ್ಮಾರ್ಟ್’ ಅಂತ ಹೆಸರು. ಎಷ್ಟು ತಾಸು ಓಡಿದೆ, ಎಷ್ಟು ಬರೆದಿದೆ, ಎಲ್ಲಿ ಎಡವಿದೆ, ಎಲ್ಲ ಅಲ್ಲಿರುತ್ತದೆ. ಐದನೇ ಸಾಲು ಹೇಳುವುದು ಇಷ್ಟು: ಕೆಟ್ಟ ಜಾಗವನ್ನು ಬಿಟ್ಟು, ಅದರ ಬದಲಿಗೆ ಕಾಯ್ದಿಟ್ಟ ಜಾಗವನ್ನು ಕೊಟ್ಟದ್ದು ಎಷ್ಟು ಸಲ.

‘ಸೆಕ್ಟರ್’ ತಿರುಗುವ ಹಾರ್ಡ್‌ಡಿಸ್ಕ್ ಕಾಲದ ಪದ. ತಟ್ಟೆಯ ಮೇಲಿನ 512 ಬೈಟ್‌ಗಳ ತುಂಡು. ಕಾಕಾನ ಕಂಪ್ಯೂಟರಿನಲ್ಲಿದ್ದದ್ದು ಎಸ್‌ಎಸ್‌ಡಿ, ಅಂದರೆ ತಿರುಗುವ ಭಾಗವಿಲ್ಲದ, ಬರೀ ಚಿಪ್ಪುಗಳ ಡಿಸ್ಕ್. ಅದರಲ್ಲಿ ತಟ್ಟೆಯೂ ಇಲ್ಲ, ಹಾಗೆ ಕೊರೆದ ತುಂಡೂ ಇಲ್ಲ. ಹೆಸರು ಮಾತ್ರ ಉಳಿದಿದೆ. ಒಳಗಿರುವುದು ಫ್ಲ್ಯಾಶ್ ಕೋಶಗಳು. ಬರೆಯುವುದು ಪೇಜ್ ಲೆಕ್ಕದಲ್ಲಿ, ಅಳಿಸುವುದು ನೂರಾರು ಪೇಜ್ ಸೇರಿದ ಬ್ಲಾಕ್ ಲೆಕ್ಕದಲ್ಲಿ. ಪ್ರತಿ ಕೋಶದಲ್ಲೂ ವಿದ್ಯುತ್ತನ್ನು ತಡೆದು ಹಿಡಿಯುವ ತೆಳುವಾದ ಪದರ ಇರುತ್ತದೆ. ಬರೆದು ಅಳಿಸಿದಷ್ಟೂ ಅದು ಸವೆಯುತ್ತದೆ. ಒಂದು ಬ್ಲಾಕ್ ಇನ್ನು ನಂಬುವಂತಿಲ್ಲ ಅನಿಸಿದಾಗ ಕಂಟ್ರೋಲರ್, ಅಂದರೆ ಡಿಸ್ಕಿನ ಉಸ್ತುವಾರಿ ನೋಡುವ ಚಿಪ್ಪು, ಅದಕ್ಕೆ ಮುಳುಗಡೆ ಅಂತ ಬರೆದು, ಒಳಗಿದ್ದವರನ್ನು ಮೀಸಲು ಬ್ಲಾಕಿಗೆ ಸಾಗಿಸುತ್ತದೆ. ಆ ಮೀಸಲು ನಮ್ಮ ಕಣ್ಣಿಗೆ ಬೀಳುವುದಿಲ್ಲ. 240 ಜಿಬಿ ಅಂತ ಮಾರುವ ಎಷ್ಟೋ ಎಸ್‌ಎಸ್‌ಡಿಗಳ ಚಿಪ್ಪುಗಳಲ್ಲಿ 256 ಇರುವುದು ಇದಕ್ಕೇ.

ಇಲ್ಲಿ ಒಂದು ಚಮತ್ಕಾರ ಇದೆ. ವಿಂಡೋಸಿಗೆ ಸ್ಥಳಾಂತರದ ಸುದ್ದಿಯೇ ಇರುವುದಿಲ್ಲ. ಅದು ಹಳೇ ವಿಳಾಸವನ್ನೇ ಹೇಳುತ್ತದೆ, ಕಂಟ್ರೋಲರ್ ತನ್ನ ಪಟ್ಟಿ ನೋಡಿ ಹೊಸ ಮನೆ ತೋರಿಸುತ್ತದೆ. ನವನಗರದಲ್ಲಿ ಮನೆ ಕಟ್ಟಿ ವರ್ಷಗಟ್ಟಲೆ ಆದಮೇಲೂ ಹಳೇ ಓಣಿಯ ಹೆಸರಿನಿಂದಲೇ ಗುರುತು ಹೇಳುವ ಹಿರಿಯರು ಇಲ್ಲವೇ? ಅಂಚೆಯವನಿಗೆ ಗೊತ್ತಿದ್ದರೆ ಕಾಗದ ತಲುಪುತ್ತದೆ. ಡಿಸ್ಕಿನಲ್ಲಿ ಆ ಅಂಚೆಯವನೇ ಕಂಟ್ರೋಲರ್.

ಹಾಗಾದರೆ ಕಾಕಾ ಹೆದರಿದ್ದು ಸರಿಯೇ? ಪರದೆಯಲ್ಲಿದ್ದದ್ದು 00000000001C. ‘ಸೊನ್ನಿ ಸೊನ್ನಿ ಒಂದ್ ಸಿ ಅಂದ್ರ ಎಷ್ಟಪಾ?’ ಅಂದರು. ಆ ತಂತ್ರಾಂಶ ಮೊದಲಿಗೆ ಈ ಸಂಖ್ಯೆಗಳನ್ನು ಹದಿನಾರರ ಎಣಿಕೆಯಲ್ಲಿ ತೋರಿಸುತ್ತದೆ. 1ಸಿ ಅಂದರೆ 28. ಪಕ್ಕದಲ್ಲಿ 100 ಅಂತಲೂ ಇತ್ತು. ಅದು ತಯಾರಕರು ಕೊಡುವ ಅಂಕ, ಮೇಲಿಂದ ಕೆಳಗೆ ಇಳಿಯುವಂಥದ್ದು. ಮಿತಿಗಿಂತ ಕೆಳಗೆ ಬಿದ್ದಾಗ ಮಾತ್ರ ಡಿಸ್ಕ್ ತಾನಾಗಿ ಕೂಗುತ್ತದೆ. ಮೇಲೆ ಏರುವ ಎಣಿಕೆ, ಕೆಳಗೆ ಇಳಿಯುವ ಅಂಕ, ಎರಡನ್ನೂ ಬೆರೆಸಿ ‘ನೂರು ಸೆಕ್ಟರ್ ಹೋಗ್ಯಾವು’ ಅಂತ ಗಾಬರಿಯಾಗುವವರು ಬಹಳ. ಅಂಕ ನೂರೇ ಇದೆಯಲ್ಲ ಅಂತ ನಿಶ್ಚಿಂತೆಯಿಂದ ಕೂರುವುದು ಅದಕ್ಕಿಂತ ಕೆಟ್ಟದ್ದು.

28 ಅನ್ನುವ ಸಂಖ್ಯೆಯೊಂದೇ ನೋಡಿದರೆ ಅಂಥ ಅನಾಹುತವಲ್ಲ. ನಾಲ್ಕು ಬ್ಲಾಕ್ ಸೋತು ವರ್ಷಗಟ್ಟಲೆ ಅಲ್ಲಿಗೇ ನಿಂತ ಡಿಸ್ಕುಗಳಿವೆ. ನೋಡಬೇಕಾದದ್ದು ಅದು ಏರುತ್ತಿದೆಯೇ ಅನ್ನುವುದನ್ನು. ಗುರುವಾರ 28 ಇದ್ದದ್ದು ಶನಿವಾರ 47 ಆಗಿತ್ತು. ನೀರು ಏರುತ್ತಿದೆ ಅಂದಮೇಲೆ ಮೆಟ್ಟಿಲು ಎಣಿಸುತ್ತ ಕೂರುವುದೇಕೆ?

ಅಕ್ಕಪಕ್ಕದ ಸಾಲುಗಳನ್ನೂ ಓದಬೇಕು. 197ನೆಯದು ಪೆಂಡಿಂಗ್ ಸೆಕ್ಟರ್: ಮುಳುಗಡೆ ಅಂತ ಗುರುತಾಗಿದೆ, ಇನ್ನೂ ಎಬ್ಬಿಸಿಲ್ಲ. ಕೆಲವು ಎಸ್‌ಎಸ್‌ಡಿಗಳಲ್ಲಿ ಈ ಸಾಲೇ ಇರುವುದಿಲ್ಲ. 199ನೆಯದು ಡಿಸ್ಕಿಗೂ ಕಂಪ್ಯೂಟರಿಗೂ ನಡುವೆ ಡೇಟಾ ಸಾಗುವಾಗ ಆದ ತಪ್ಪುಗಳ ಎಣಿಕೆ. ಅದು ಏರುತ್ತಿದ್ದರೆ ಮೊದಲು ಕೇಬಲ್, ಕನೆಕ್ಟರ್ ನೋಡಿ. ಡಿಸ್ಕಿನ ತಪ್ಪು ಇರಲಿಕ್ಕಿಲ್ಲ. ಎನ್‌ವಿಎಂಇ ಅನ್ನುವ ಹೊಸ, ವೇಗದ ಬಗೆಯ ಎಸ್‌ಎಸ್‌ಡಿಗಳಲ್ಲಿ ಐದನೇ ಸಾಲನ್ನು ಹುಡುಕಬೇಡಿ. ಅಲ್ಲಿ ‘ಅವೈಲೇಬಲ್ ಸ್ಪೇರ್’ ಅಂತ, ಉಳಿದ ಮೀಸಲನ್ನು ಶೇಕಡಾವಾರು ಹೇಳುತ್ತದೆ. ನನಗೆ ಅದೇ ಹೆಚ್ಚು ನೆಟ್ಟಗಿನ ಲೆಕ್ಕ ಅನಿಸುತ್ತದೆ: ಎಷ್ಟು ಮನೆ ಮುಳುಗಿತು ಅನ್ನುವುದಕ್ಕಿಂತ ಎಷ್ಟು ಪ್ಲಾಟ್ ಖಾಲಿ ಇದೆ ಅನ್ನುವುದು.

ಮುಳುಗಡೆಯ ಹೋಲಿಕೆ ಇಲ್ಲಿಗೆ ಸೋಲುತ್ತದೆ. ಆಲಮಟ್ಟಿಯಲ್ಲಿ ನೀರು ಎಲ್ಲಿಯವರೆಗೆ ನಿಲ್ಲಬೇಕು ಅನ್ನುವುದಕ್ಕೆ 519.60 ಮೀಟರ್ ಅಂತ ಗೆರೆ ಇದೆ, ಎಬ್ಬಿಸುವ ಮೊದಲು ನೋಟಿಸ್ ಬರುತ್ತದೆ. ಎಸ್‌ಎಸ್‌ಡಿಗೆ ಅಂಥ ಶಿಷ್ಟಾಚಾರ ಇಲ್ಲ. ಒಂದೂ ಬ್ಲಾಕ್ ಕೆಡದೆ ಕಂಟ್ರೋಲರೇ ಸತ್ತರೆ, ನಿನ್ನೆ ಸಂಜೆ ಓಡಿದ ಡಿಸ್ಕ್ ಇವತ್ತು ವಿಂಡೋಸಿಗೂ ಮೊದಲು ಏಳುವ ಬಯೋಸಿನಲ್ಲೇ ಕಾಣುವುದಿಲ್ಲ. ಕೆಲವು ಮಾತ್ರ ಕೊನೆಗಾಲದಲ್ಲಿ ಬರೆಯುವುದನ್ನು ನಿಲ್ಲಿಸಿ, ಓದಲಷ್ಟೇ ಬಿಡುತ್ತವೆ. ಹಾಗಾಗಿ ಸೊನ್ನೆ ಇದೆ ಅಂತ ಬ್ಯಾಕಪ್ ಬಿಡುವಂತಿಲ್ಲ.

ವಿಂಡೋಸ್ ಹೊಡೆಯಲು ಬಿಡಬೇಡಿ ಅಂದದ್ದೂ ಇದಕ್ಕೇ. ಸವೆದ ಡಿಸ್ಕಿಗೆ ಮತ್ತೆ ಹತ್ತಾರು ಜಿಬಿ ಬರೆದರೆ ಸವೆತ ಹೆಚ್ಚುತ್ತದೆ, ಹಳೇ ಡೇಟಾದ ಆಸೆಯನ್ನೂ ಬಿಡಬೇಕಾಗುತ್ತದೆ. ಎರಡು ವಾರ ಚೆನ್ನಾಗಿ ಓಡಿದ ಹಾಗೆ ಕಾಣಿಸಿ ಮತ್ತೆ ಅದೇ ಗೋಳು. ನಾವು ಮೊದಲು ಬಿಲ್ಲಿನ ಫೋಲ್ಡರನ್ನು ಪೆನ್‌ಡ್ರೈವಿಗೆ ಎಳೆದುಕೊಂಡೆವು. ಆಮೇಲೆ ಪೆನ್‌ಡ್ರೈವಿನಿಂದ ಲಿನಕ್ಸ್ ಎಬ್ಬಿಸಿ, ಡಿಡಿರೆಸ್ಕ್ಯೂ ಬಳಸಿ ಇಡೀ ಡಿಸ್ಕನ್ನು ಹೊಸದಕ್ಕೆ ನಕಲಿಸಿದೆವು. ಅದು ಓದಲಾಗದ ಜಾಗದಲ್ಲಿ ಮೊಂಡು ಹಿಡಿಯದೆ ಮುಂದೆ ಸಾಗಿ, ಕೊನೆಗೆ ತಿರುಗಿ ಬಂದು ಮತ್ತೆ ಯತ್ನಿಸುತ್ತದೆ. ಮೂಲ ಯಾವುದು, ನಕಲು ಯಾವುದು ಅಂತ ಎರಡು ಸಲ ನೋಡಿಯೇ ಎಂಟರ್ ಒತ್ತಬೇಕು. ತಿರುವುಮುರುವಾದರೆ ಎಲ್ಲ ಹೋದ ಹಾಗೆ.

ಹೊಸದನ್ನು ಕೊಳ್ಳುವ ಮುಂಚೆ ಡಬ್ಬಿ ಬಿಚ್ಚಿ ನೋಡಿ. ಕಾಕಾನದರಲ್ಲಿ ಎರಡೂವರೆ ಇಂಚಿನ, ಸಾಟಾ ಅನ್ನುವ ಹಳೇ ಬಗೆಯ ಜೋಡಣೆಯ ಡಿಸ್ಕ್ ಇತ್ತು. ಕೆಲವದರಲ್ಲಿ ಎಂ.2 ಅನ್ನುವ ಪಟ್ಟಿಯಾಕಾರದ ಡಿಸ್ಕ್ ಇರುತ್ತದೆ. ಅದರ ಅಳತೆ 2280 ಅಂದರೆ 22 ಮಿ.ಮೀ. ಅಗಲ, 80 ಮಿ.ಮೀ. ಉದ್ದ. ಎಂ.2 ಆಕಾರ ಒಂದೇ ಆದರೂ ಒಳಗೆ ಸಾಟಾ ಇರಬಹುದು, ಎನ್‌ವಿಎಂಇ ಇರಬಹುದು. ಬೋರ್ಡ್ ಯಾವುದನ್ನು ಒಪ್ಪುತ್ತದೋ ಅದೇ ಬೇಕು. ಸಾಮರ್ಥ್ಯ ಹಳೆಯದಕ್ಕಿಂತ ಒಂದು ಬೈಟೂ ಕಡಿಮೆ ಇರಬಾರದು, ನಕಲು ಹಿಡಿಸುವುದಿಲ್ಲ.

ತೆಗೆದ ಡಿಸ್ಕನ್ನು ಕಾಕಾ ಗುಜರಿಗೆ ಹಾಕಲು ಹೊರಟಿದ್ದರು. ತಡೆದೆ. ನಿವೃತ್ತಿಯಾದ ಬ್ಲಾಕುಗಳಿಗೆ ಫಾರ್ಮ್ಯಾಟ್ ಮುಟ್ಟುವುದಿಲ್ಲ. ಬೇಸಿಗೆಯಲ್ಲಿ ಹಿನ್ನೀರು ಸರಿದಾಗ ಮುಳುಗಿದ ನೆಲ ಮತ್ತೆ ಕಾಣಿಸುವಂತೆ, ಹಳೇ ಡೇಟಾದ ಚೂರುಗಳು ಅಲ್ಲಿ ಉಳಿದಿರಬಹುದು. ಕಾಕಾ ಅರೆಗಳಿಗೆ ಯೋಚಿಸಿ, ಡಿಸ್ಕ್ ಬಿಚ್ಚಿ, ಒಳಗಿನ ಕರಿ ಚಿಪ್ಪುಗಳಿಗೆ ಸುತ್ತಿಗೆಯಿಂದ ಎರಡೆರಡು ಏಟು ಹಾಕಿದರು.

‘ಉದ್ರಿ ಲೆಕ್ಕ ಎಲ್ಲಾ ಅದರಾಗ ಇತ್ತಲ್ಲೋ,’ ಅಂದರು.